ಸವೆಯಬೇಕಾದದ್ದು ಮುಳ್ಳು, ಪ್ಲೇಟಲ್ಲ

ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಕುರಿತು ಈಚೆಗೆ ನನ್ನಲ್ಲಿ ವಿಚಾರಿಸುವವರು ಹೆಚ್ಚಾಗಿದ್ದಾರೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸುವುದಕ್ಕಿಂತ ಒಂದೆಡೆ ವಿಸ್ತಾರವಾಗಿ ಬರೆದಿಡುವುದು ಲೇಸೆಂದು ತೋರಿದ್ದರಿಂದ ಈ ಲೇಖನ. ವಿಷಯ ಸಣ್ಣದು, ಒಂದು ಸೂಜಿಯ ಮೊನೆಯಷ್ಟು ಸಣ್ಣದು. ಆದರೂ ಓದುಗರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ವಿಚಾರಿಸಿದವರಲ್ಲಿ ಮೊದಲನೆಯವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದಾನೆ. ಅದರ ಹಜಾರದಲ್ಲಿಡಲು ಹಿತ್ತಾಳೆಯ ಕೊಂಬುಳ್ಳ ಗ್ರಾಮಫೋನ್ ಒಂದನ್ನು ಕೊಂಡಿರುವುದಾಗಿಯೂ, ಗೃಹಪ್ರವೇಶದ ದಿನ ಅಜ್ಜನ ಪ್ಲೇಟುಗಳನ್ನು ಅದರ ಮೇಲೆ ಹಾಕಿ ಬಂದವರಿಗೆಲ್ಲ ಕೇಳಿಸುವ ಮನಸ್ಸಿರುವುದಾಗಿಯೂ ದೂರವಾಣಿಯಲ್ಲಿ ತಿಳಿಸಿದ. “ಹಳೆಯ ಪ್ಲೇಟಿಗೆ ಹಳೆಯ ಪೆಟ್ಟಿಗೆಯೇ ಶೋಭೆ, ಅಲ್ಲವೇ ಮಾವ?” ಎಂಬುದು ಅವನ ಪ್ರಶ್ನೆ. ಎರಡನೆಯವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ತಾನೂ ಅಧ್ಯಾಪಕಿ. ಸೂಟ್‌ಕೇಸಿನ ಆಕಾರದ ಪುಟ್ಟ ರೆಕಾರ್ಡ್ ಪ್ಲೇಯರ್ ಒಂದನ್ನು ತರಿಸಿಕೊಂಡಿದ್ದಾಳೆ. “ಮೇಷ್ಟ್ರೇ, ಇದರಲ್ಲಿ 33, 45, 78 ಮೂರು ವೇಗಗಳೂ ಇವೆ. ಅಂದಮೇಲೆ ತಾತನ ಪ್ಲೇಟುಗಳನ್ನು ಧೈರ್ಯವಾಗಿ ಹಾಕಬಹುದಲ್ಲವೇ?” ಎಂದು ಬರೆದಿದ್ದಾಳೆ.

ಇಬ್ಬರೂ ಕೇಳಿದ್ದು ಪೆಟ್ಟಿಗೆಯ ವಿಷಯವನ್ನು. ಮುಳ್ಳಿನ ವಿಷಯವನ್ನು ಇಬ್ಬರಲ್ಲಿ ಒಬ್ಬರೂ ಎತ್ತಲಿಲ್ಲ. (ಗ್ರಾಮಫೋನಿನ ಸೂಜಿಗೆ ನಮ್ಮ ಮನೆಯಲ್ಲಿ ಮುಳ್ಳು ಎಂದೇ ಹೆಸರು. ಅಂಗಡಿಯವರು ಈಗ ಸ್ಟೈಲಸ್ ಎನ್ನುತ್ತಾರೆ.) ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದದ್ದು. ಪೆಟ್ಟಿಗೆ ಯಾವುದಾದರೂ ಆಗಲಿ, ಪ್ಲೇಟಿಗೆ ತಗಲುವುದು ಮುಳ್ಳಿನ ಮೊನೆಯೊಂದೇ. ಆದ್ದರಿಂದ ಮೊದಲು ಮುಳ್ಳನ್ನು ನಿಶ್ಚಯಿಸಬೇಕು. ಆ ಮುಳ್ಳನ್ನು ಹಿಡಿದುಕೊಳ್ಳಬಲ್ಲ ಯಂತ್ರವನ್ನು ಆಮೇಲೆ ಹುಡುಕಬೇಕು. ಸರಿಯಾದ ಮುಳ್ಳು ಸಿಗುವವರೆಗೆ ಪ್ಲೇಟು ಮೌನವಾಗಿಯೇ ಇರಲಿ. ಅದರಿಂದ ಅದಕ್ಕೆ ಯಾವ ನಷ್ಟವೂ ಇಲ್ಲ.

ಹೀಗೇಕೆ ಎನ್ನುವುದು ತಿಳಿಯಬೇಕಾದರೆ ಪ್ಲೇಟು ಯಾವುದರಿಂದ ಆಗಿದೆ ಎಂಬುದನ್ನು ನೋಡಬೇಕು. 1890ರ ದಶಕದ ಮಧ್ಯಭಾಗದಿಂದ ಹಿಡಿದು ಸುಮಾರು 1950ರ ದಶಕದವರೆಗೆ ಜಗತ್ತಿನಲ್ಲೆಲ್ಲ, ನಮ್ಮ ದೇಶದಲ್ಲಂತೂ 1960ರ ದಶಕದಲ್ಲಿಯೂ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳನ್ನು ಅರಗಿನಿಂದ ಮಾಡುತ್ತಿದ್ದರು. ಮುತ್ತುಗ, ಎಲಚಿ ಮೊದಲಾದ ಮರಗಳ ರೆಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ರಾಳವೇ ಅರಗು. ಪಾಂಡವರಿಗಾಗಿ ಕೌರವರು ಕಟ್ಟಿಸಿದ ಮನೆಯ ಅರಗು ಇದೇ, ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವ ಅರಗೂ ಇದೇ. ಇದರ ಬಹುಭಾಗ ಛೋಟಾ ನಾಗಪುರದ ಕಾಡುಗಳಿಂದ ಹೊರದೇಶಗಳಿಗೆ ಹೋಗುತ್ತಿತ್ತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಫ್ರೆಡ್ ಗೈಸ್‌ಬರ್ಗ್ ಎಂಬಾತ ಮುದ್ರಿಸಿಕೊಂಡನು. ಆ ಪ್ಲೇಟುಗಳು ಅಚ್ಚಾದದ್ದು ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಅಂದರೆ ನಮ್ಮ ಮರದ ಅರಗು ಸಮುದ್ರ ದಾಟಿ ಹೋಗಿ ನಮ್ಮವರ ಹಾಡನ್ನು ಹೊತ್ತುಕೊಂಡು ಹಿಂದಿರುಗುತ್ತಿತ್ತು! ಕಲ್ಕತ್ತೆಯ ಸಿಯಾಲ್ದಾದಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಪ್ರಾರಂಭವಾದದ್ದು 1908ರಲ್ಲಿ. ಆ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು ಎನ್ನುವುದನ್ನು ಪ್ರಸಂಗವಶಾತ್ ನೆನೆಯಬಹುದು.

ಇರಲಿ. ಪ್ಲೇಟಿನಲ್ಲಿ ಅರಗು ಇರುವುದು ಕಾಲು ಭಾಗವೋ ಅದಕ್ಕಿಂತ ಕಡಮೆಯೋ. ಅದು ಬರಿಯ ಅಂಟು. ಉಳಿದದ್ದೆಲ್ಲ ನುಣ್ಣಗೆ ಅರೆದ ಕಲ್ಲಿನ ಪುಡಿ, ಬಣ್ಣಕ್ಕೆ ಕಾಡಿಗೆ, ಬಿಗಿತಕ್ಕೆ ಒಂದಿಷ್ಟು ಹತ್ತಿಯ ನಾರು. ಈ ಕಲ್ಲಿನ ಪುಡಿಯನ್ನು ಬೇಕೆಂದೇ ಸೇರಿಸುತ್ತಿದ್ದರೆಂಬುದು ಮುಖ್ಯ. ಗ್ರಾಮಫೋನಿನ ಸೌಂಡ್ ಬಾಕ್ಸ್, ಅಂದರೆ ಮುಳ್ಳನ್ನು ಹಿಡಿದಿರುವ ಆ ದುಂಡನೆಯ ಡಬ್ಬಿ, ನೂರು ಗ್ರಾಮಿಗೂ ಮೀರಿದ ಭಾರವನ್ನು ಒಂದು ಉಕ್ಕಿನ ಮೊನೆಯ ಮೂಲಕ ಪ್ಲೇಟಿನ ಮೇಲೆ ಹೇರುತ್ತದೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಎಂದು ನಿಮಗೆಲ್ಲ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ವಿಸ್ತೀರ್ಣ ಕೂದಲೆಳೆಯ ತುದಿಯಷ್ಟಿದ್ದರೆ ಒತ್ತಡ ಎಷ್ಟಾದೀತೆಂದು ಊಹಿಸಿ. ಅಷ್ಟು ಒತ್ತಡದ ಕೆಳಗೆ ಮುಳ್ಳು ಮತ್ತು ಪ್ಲೇಟು ಇವೆರಡರಲ್ಲಿ ಒಂದು ಸವೆಯಲೇಬೇಕು. ಪ್ಲೇಟು ಸವೆಯಬಾರದು, ಮುಳ್ಳು ಸವೆಯಲಿ ಎಂಬುದು ಆ ಕಾಲದ ತಯಾರಕರ ಏರ್ಪಾಡು. ಕಲ್ಲಿನ ಪುಡಿಯುಳ್ಳ ಗೀರು ಸಾಣೆಯಂತೆ ಕೆಲಸ ಮಾಡಿ, ಮೊದಲ ಕೆಲವು ಸುತ್ತುಗಳಲ್ಲಿಯೇ ಮುಳ್ಳಿನ ಮೊನೆಯನ್ನು ತನ್ನ ಆಕಾರಕ್ಕೆ ಒಗ್ಗಿಸಿಕೊಳ್ಳುತ್ತಿತ್ತು. ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲು ಸುಮಾರು ಮೂರು ನಿಮಿಷ ನಡೆಯುತ್ತದೆ. ಲೆಕ್ಕ ಹಾಕಿದರೆ ಅಷ್ಟರಲ್ಲಿ ಮುಳ್ಳು ಆ ಸಾಣೆಯ ಮೇಲೆ ನೂರು ಮೀಟರಿಗೂ ಮಿಕ್ಕಿದ ದಾರಿಯನ್ನು ನಡೆದಿರುತ್ತದೆ. ಕೊನೆಗೆ ಅದರ ಮೊನೆಯ ಎರಡು ಪಕ್ಕಗಳೂ ಚಪ್ಪಟೆಯಾಗಿ, ಅಂಚುಗಳು ಉಳಿಯಂತೆ ಹರಿತವಾಗಿಬಿಡುತ್ತವೆ. ಆದ್ದರಿಂದಲೇ ಒಂದು ಮಗ್ಗುಲಿಗೆ ಒಂದು ಮುಳ್ಳು, ಆಮೇಲೆ ಅದನ್ನು ಎಸೆಯಬೇಕು ಎಂಬ ನಿಯಮ. ಮುಳ್ಳಿನ ಪುಟ್ಟ ತಗಡಿನ ಡಬ್ಬಿಗಳಲ್ಲಿ ಇನ್ನೂರಿನ್ನೂರು ಮುಳ್ಳುಗಳನ್ನು ತುಂಬಿ ಮಾರುತ್ತಿದ್ದುದು ಇದಕ್ಕಾಗಿ.

ಈ ನಿಯಮವನ್ನು ನಮ್ಮ ಹಿರಿಯರು ಪಾಲಿಸಿದರೇ? ಬಹುಮಟ್ಟಿಗೆ ಇಲ್ಲ. ಅವರನ್ನು ದೂಷಿಸುವಂತೆಯೂ ಇಲ್ಲ. ಬೆಂಕಿಕಡ್ಡಿಯನ್ನೂ ಸೀಳಿ ಎರಡು ಮಾಡುತ್ತಿದ್ದ ಕಾಲ. ಒಂದೇ ಮುಳ್ಳನ್ನು ಒಂದು ಸಂಜೆಯ ಹಾಡಿಗೆಲ್ಲ ಉಪಯೋಗಿಸುವುದು, ಸವೆದದ್ದನ್ನು ತಿರುಗಿಸಿ ಇನ್ನೊಂದು ಮುಖದಿಂದ ಸಿಕ್ಕಿಸುವುದು, ಕಲ್ಲಿನ ಮೇಲೆ ಉಜ್ಜಿ ಮತ್ತೆ ಚೂಪು ಮಾಡುವುದು, ಎಲ್ಲವನ್ನೂ ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಅವರಿಗೆ ಪ್ಲೇಟು ಅಂಗಡಿಯಲ್ಲಿ ಸಿಗುವ ವಸ್ತುವಾಗಿತ್ತು. ಸವೆದರೆ ಇನ್ನೊಂದು ತರಬಹುದಾಗಿತ್ತು. ನಮಗೆ ಆ ಅಂಗಡಿಯಿಲ್ಲ. ವ್ಯತ್ಯಾಸವಿರುವುದು ಇಷ್ಟರಲ್ಲಿಯೇ.

ಮುಳ್ಳು ಎಂಬ ನಮ್ಮ ಮಾತು ಬರಿಯ ಉಪಮೆಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪ್ಲೇಟಿನ ಮೇಲೆ ಮರುಕವಿದ್ದ ಕೆಲವರು ಪಾಶ್ಚಾತ್ಯ ದೇಶಗಳಲ್ಲಿ ಉಕ್ಕನ್ನು ಬಿಟ್ಟು ಬಿದಿರಿನ ಸೂಜಿಗಳನ್ನೂ ಪಾಪಾಸುಕಳ್ಳಿಯ ನಿಜವಾದ ಮುಳ್ಳುಗಳನ್ನೂ ಬಳಸುತ್ತಿದ್ದರು. ಬಿದಿರನ್ನು ಮೂರು ಮೂಲೆಯಾಗಿ ಸೀಳಿ, ಪ್ರತಿಸಲವೂ ಅದಕ್ಕೆಂದೇ ಮಾಡಿದ ಕತ್ತರಿಯಿಂದ ಮೊನೆ ತೆಗೆಯಬೇಕಾಗಿತ್ತು. ಧ್ವನಿ ಮೆತ್ತಗೆ, ಸವೆತ ಕಡಮೆ. ಆದರೆ ಜೋರಾದ ಹಾಡಿಗೆ ಮೊನೆ ನಡುವೆಯೇ ಮುರಿದುಹೋಗುತ್ತಿತ್ತು.

ಈಗ ಹಿತ್ತಾಳೆ ಕೊಂಬಿನ ವಿಷಯ. ಇಂದು ಅಲಂಕಾರಕ್ಕಾಗಿ ಮಾರುವ ಕೊಂಬಿನ ಗ್ರಾಮಫೋನುಗಳಲ್ಲಿ ಬಹುಪಾಲು ಹಳೆಯವಲ್ಲ. ಎಲ್ಲಿಂದಲೋ ತಂದ ಮೋಟಾರಿಗೆ ಎಲ್ಲಿಯದೋ ಸೌಂಡ್ ಬಾಕ್ಸ್ ಸೇರಿಸಿ, ಹೊಸ ಪೆಟ್ಟಿಗೆ, ಹೊಸ ಕೊಂಬು ಜೋಡಿಸಿದ ಕಲಬೆರಕೆಗಳು. ಸೌಂಡ್ ಬಾಕ್ಸಿನೊಳಗಿನ ರಬ್ಬರು ಕಾಲಾಂತರದಲ್ಲಿ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಮುಳ್ಳು ಆಗ ಸ್ವತಂತ್ರವಾಗಿ ಅಲುಗಲಾರದೆ ಗೀರಿನ ಗೋಡೆಯನ್ನೇ ಕೆರೆಯುತ್ತದೆ. ತೋಳಿನ ಕೋನವೂ ಅನೇಕ ವೇಳೆ ತಪ್ಪಿರುತ್ತದೆ. ಹಜಾರದಲ್ಲಿ ಅದು ಶೋಭಿಸುವುದಾದರೆ ಶೋಭಿಸಲಿ, ನನ್ನದೇನೂ ಆಕ್ಷೇಪವಿಲ್ಲ. ಪಕ್ಕದಲ್ಲಿ ಒಂದು ಹೂದಾನಿಯನ್ನೂ ಇಡಬಹುದು.

ನಿಜವಾದ ಹಳೆಯ ಗ್ರಾಮಫೋನ್, ಸುಸ್ಥಿತಿಯಲ್ಲಿರುವಂಥದು, ಮನೆಯಲ್ಲಿದ್ದರೆ ಮಾತು ಬೇರೆ. ಕೀಲಿ ಕೊಟ್ಟು, ಹೊಸ ಉಕ್ಕಿನ ಮುಳ್ಳು ಸಿಕ್ಕಿಸಿ, ವಿದ್ಯುತ್ತಿನ ಹಂಗಿಲ್ಲದೆ ಅಭ್ರಕದ ಬಿಲ್ಲೆಯೊಂದು ಅದುರಿ ಕೋಣೆ ತುಂಬುವ ಧ್ವನಿಗೆ ಅದರದೇ ಸೊಗಸಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸುಲಭವಾಗಿ ಸಿಗುವ ಸಾಮಾನ್ಯ ಪ್ಲೇಟುಗಳನ್ನು ಅದರಲ್ಲಿ ಕೇಳಿ, ಮಗ್ಗುಲಿಗೊಂದು ಮುಳ್ಳು ತಪ್ಪಿಸಬೇಡಿ. ಆದರೆ ಆ ಭಾರದ ಕೆಳಗೆ ಬಾಳಿಕೆ ಹೆಚ್ಚಲಿ ಎಂದು ಗಟ್ಟಿ ಹರಳಿನ ಮೊನೆಯನ್ನು ಮಾತ್ರ ಎಂದೂ ಸಿಕ್ಕಿಸಬಾರದು. ಮುಳ್ಳು ಸವೆಯದಿದ್ದರೆ ಸವೆಯುವುದು ಹಾಡು.

ಇದಕ್ಕೆ ತದ್ವಿರುದ್ಧವಾದದ್ದು ವಿದ್ಯುತ್ ಟರ್ನ್‌ಟೇಬಲ್. ಅದರ ತೋಳು ಪ್ಲೇಟಿನ ಮೇಲೆ ಹೇರುವ ಭಾರ ಎರಡು ಗ್ರಾಮಿನಿಂದ ಐದು ಗ್ರಾಮಿನವರೆಗೆ ಮಾತ್ರ. ಒತ್ತಡ ಇಷ್ಟು ಕಡಮೆಯಾದ ಮೇಲೆ ಮುಳ್ಳು ಸಾಣೆ ಹಿಡಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲ. ಅದು ಆಕಾರ ಕೆಡದೆ ಉಳಿದಷ್ಟೂ ಒಳ್ಳೆಯದು. ಆದ್ದರಿಂದ ಇಲ್ಲಿ ವಜ್ರ. ನೀಲಮಣಿಯ ಮೊನೆಗಳೂ ಉಂಟು, ಬೆಲೆ ಕಡಮೆ. ಕಾಠಿಣ್ಯದ ಮಾಪನದಲ್ಲಿ ನೀಲಮಣಿ 9, ವಜ್ರ 10 ಎಂದು ಓದಿದ ನೆನಪು ನಿಮಗಿರಬಹುದು. ಅಂಕಿಯಲ್ಲಿ ಒಂದೇ ವ್ಯತ್ಯಾಸ ಕಂಡರೂ ವಾಸ್ತವದಲ್ಲಿ ವಜ್ರ ಬಹುಪಟ್ಟು ಗಟ್ಟಿ. ಅರಗಿನ ಪ್ಲೇಟಿನ ಕಲ್ಲುಪುಡಿಗೆ ನೀಲಮಣಿ ಬೇಗ ಸೋಲುತ್ತದೆ, ಸೋತದ್ದು ಕಣ್ಣಿಗೂ ಕಾಣುವುದಿಲ್ಲ. ಈ ಒಂದು ಕಡೆ ಜಿಪುಣತನ ಬೇಡ.

ಆದರೆ ವಜ್ರವಾದ ಮಾತ್ರಕ್ಕೆ ಸಾಲದು. ಅಳತೆ ಸರಿಯಿರಬೇಕು. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ 33 ಸುತ್ತಿನ ಎಲ್‌ಪಿ ತಟ್ಟೆಯನ್ನು ಹೊರತಂದಾಗ ಹೆಚ್ಚು ಹಾಡು ಹಿಡಿಸಲೆಂದು ಗೀರನ್ನು ತೀರ ಕಿರಿದು ಮಾಡಿದರು. ಅರಗಿನ ಪ್ಲೇಟಿನ ಗೀರು ಅದಕ್ಕಿಂತ ಎರಡು-ಮೂರು ಪಟ್ಟು ಅಗಲ. ಮುಳ್ಳಿನ ಮೊನೆಯನ್ನು ಮಿಲ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಅಂಗುಲದ ಸಾವಿರದಲ್ಲೊಂದು ಪಾಲು ಒಂದು ಮಿಲ್. ಎಲ್‌ಪಿಯ ಸಾಮಾನ್ಯ ದುಂಡು ಮೊನೆಯ ತ್ರಿಜ್ಯ 0.7 ಮಿಲ್, ಅಂದರೆ ಸುಮಾರು 18 ಮೈಕ್ರಾನ್. ಅರಗಿನ ಪ್ಲೇಟಿಗೆ ಬೇಕಾದದ್ದು 2.5ರಿಂದ 3 ಮಿಲ್, ಅಂದರೆ 65ರಿಂದ 76 ಮೈಕ್ರಾನ್.

ಮಲೆನಾಡಿನವರಿಗೆ ಒಂದು ಹೋಲಿಕೆಯಿಂದ ಇದು ಬೇಗ ಅರ್ಥವಾದೀತು. ಅಡಿಕೆ ತೋಟದ ಬಸಿಗಾಲುವೆಯನ್ನು ನೆನಪಿಸಿಕೊಳ್ಳಿ: ಮೇಲೆ ಅಗಲ, ಕೆಳಗೆ ಕಿರಿದು, ತಳದಲ್ಲಿ ಕೆಸರು, ಕಸ. ಅದರೊಳಗೆ ಒಂದು ಗೋಲಿಯನ್ನು ಹಾಕಿದರೆ ಅದು ತಳಕ್ಕೆ ಹೋಗಿ ಕೆಸರಿನಲ್ಲಿ ಅತ್ತಿತ್ತ ಹೊರಳುತ್ತದೆ. ಎರಡೂ ದಂಡೆಗಳನ್ನು ಒಮ್ಮೆಗೇ ಮುಟ್ಟುವುದಿಲ್ಲ. ತಕ್ಕ ಗಾತ್ರದ ತೆಂಗಿನಕಾಯಿಯನ್ನು ಹಾಕಿದರೆ ಅದು ತಳ ಮುಟ್ಟದೆ, ಎರಡೂ ದಂಡೆಗಳಿಗೆ ಒರಗಿ ನಡುವೆ ಭದ್ರವಾಗಿ ಕೂರುತ್ತದೆ. ಪ್ಲೇಟಿನಲ್ಲಿ ಹಾಡು ಬರೆದಿರುವುದು ಆ ಎರಡು ದಂಡೆಗಳ ಮೇಲೆ. ತಳದಲ್ಲಿರುವುದು ಎಂಬತ್ತು ವರ್ಷಗಳ ಧೂಳು, ಸವೆದ ಉಕ್ಕಿನ ಚೂರು, ಮಳೆಗಾಲದ ಬೂಷ್ಟು. ಎಲ್‌ಪಿಯ ಮುಳ್ಳು ಓದುವುದು ಬಹುಪಾಲು ಇದನ್ನೇ. ಕೇಳಿದವರು “ಹಳೆಯ ಪ್ಲೇಟಲ್ಲವೇ, ಕೊರಕೊರ ಎನ್ನುವುದು ಸಹಜ” ಎಂದುಕೊಳ್ಳುತ್ತಾರೆ. ಕೊರಕೊರದ ಅರ್ಧ ಪಾಲು ಪ್ಲೇಟಿನ ತಪ್ಪಲ್ಲ, ಮುಳ್ಳಿನದು.

ಆದ್ದರಿಂದ, ತಾಯಿ, ನಿನ್ನ ಸೂಟ್‌ಕೇಸ್ ಯಂತ್ರದಲ್ಲಿ 78 ಎಂಬ ಗುಂಡಿ ಇರುವುದು ವೇಗದ ಮಟ್ಟಿಗೆ ಮಾತ್ರ ನಿಜ. ಆ ಜಾತಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಲ್‌ಪಿಯ ಮುಳ್ಳೊಂದನ್ನೇ ಕೊಟ್ಟಿರುತ್ತಾರೆ. ಹಿಂದೆ 1950-60ರ ದಶಕಗಳ ರೆಕಾರ್ಡ್ ಪ್ಲೇಯರುಗಳಲ್ಲಿ ತೋಳಿನ ತುದಿಯಲ್ಲಿ ಒಂದು ಪುಟ್ಟ ಕಿವಿ ಇರುತ್ತಿತ್ತು. ಅದನ್ನು ತಿರುಗಿಸಿದರೆ ಒಂದು ಪಕ್ಕದಲ್ಲಿ ಎಲ್‌ಪಿಯ ಮುಳ್ಳು, ಇನ್ನೊಂದು ಪಕ್ಕದಲ್ಲಿ 78ರ ಮುಳ್ಳು ಕೆಳಗೆ ಬರುತ್ತಿತ್ತು. ವೇಗ ಬದಲಾಯಿಸುವಾಗ ಮುಳ್ಳನ್ನೂ ಬದಲಾಯಿಸಬೇಕೆಂಬುದು ಆಗ ಮಕ್ಕಳಿಗೂ ಗೊತ್ತಿತ್ತು. ಈಗಿನ ತಯಾರಕರು ಗುಂಡಿಯನ್ನು ಉಳಿಸಿಕೊಂಡು ಕಿವಿಯನ್ನು ಕೈಬಿಟ್ಟಿದ್ದಾರೆ. ಇಂಥ ಹಲವು ಯಂತ್ರಗಳಿಗೆ 3 ಮಿಲ್ ಮುಳ್ಳು ಪ್ರತ್ಯೇಕವಾಗಿ ದೊರೆಯುತ್ತದೆ. ಸದ್ಯಕ್ಕೆ ಅದನ್ನು ತರಿಸಿಕೊಂಡು, ಪ್ರತಿಸಲವೂ ನೆನಪಿನಿಂದ ಬದಲಾಯಿಸು. 3 ಮಿಲ್ ಮುಳ್ಳನ್ನು ಮರೆತು ಎಲ್‌ಪಿಯ ಮೇಲೆ ಇಳಿಸಿದರೆ ಅದು ಗೀರಿನೊಳಗೆ ಇಳಿಯಲಾರದೆ ಅಂಚುಗಳನ್ನೇ ಕಿತ್ತು ಹಾಕುತ್ತದೆ.

ಇಷ್ಟು ತಿಳಿದರೆ ಸಾಮಾನ್ಯರಿಗೆ ಸಾಕು. ಆದರೆ ಈ ಲೇಖನ ಬರೆಯಲು ನನ್ನನ್ನು ನಿಜವಾಗಿ ಪ್ರೇರಿಸಿದ್ದು ಮುಂದಿನ ಸಂಗತಿ.

ನಮ್ಮ ತಂದೆಯವರ ಪ್ಲೇಟುಗಳನ್ನು ಅವರ ತರುವಾಯ ನಾವು ಮಕ್ಕಳು ಹಂಚಿಕೊಂಡೆವು. ಅವುಗಳಲ್ಲಿ ಕಂಪನಿ ನಾಟಕವೊಂದರ ಎರಡು ಪ್ಲೇಟುಗಳ ಜೋಡಿ ಇತ್ತು. ಒಂದು ನನ್ನ ಪಾಲಿಗೂ ಇನ್ನೊಂದು ಅಕ್ಕನ ಪಾಲಿಗೂ ಬಂದವು. ಅದರಲ್ಲಿ ಹಾಡಿಗೆ ಹಾರ್ಮೋನಿಯಂ ನುಡಿಸಿದವರು ನಮ್ಮ ಚಿಕ್ಕಪ್ಪ. ಲೇಬಲ್ಲಿನ ಮೇಲೆ ಹಾಡಿದವರ ಹೆಸರಿದೆ, ನಾಟಕದ ಹೆಸರಿದೆ, ಚಿಕ್ಕಪ್ಪನ ಹೆಸರಿಲ್ಲ. ಪಕ್ಕವಾದ್ಯದವರ ಹೆಸರು ಹಾಕುವ ಪದ್ಧತಿ ಆಗ ಅಪರೂಪ. ಅವರು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಮನೆಯಲ್ಲಿ ಅವರದೊಂದು ಭಾವಚಿತ್ರವೂ ಇಲ್ಲ. ಅವರು ಇದ್ದರೆಂಬುದಕ್ಕೆ ಪ್ಲೇಟಿನ ಗೀರಿನಲ್ಲಿರುವ ಆ ಕೆಲವು ನಿಮಿಷಗಳೇ ಸಾಕ್ಷಿ.

ನನ್ನ ಪಾಲಿನ ಪ್ಲೇಟನ್ನು ನಿವೃತ್ತಿಯ ನಂತರ ಒಂದು ಟರ್ನ್‌ಟೇಬಲ್ ಮೇಲೆ 3 ಮಿಲ್ ಮುಳ್ಳಿನಿಂದ ಕೇಳಿದೆ. ಹಾಡಿದವರ ಧ್ವನಿ ಒಡೆದ ಕಂಚಿನಂತೆ ಕೇಳಿಸಿತು. ಹಾರ್ಮೋನಿಯಂ ಸದ್ದಿನೊಳಗೆ ಮುಳುಗಿಹೋಗಿತ್ತು. ಮನೆಯಲ್ಲಿ ಎಷ್ಟೋ ಸಾರಿ ಉಕ್ಕಿನ ಮುಳ್ಳು ನಡೆದಾಡಿದ ಪ್ಲೇಟು ಅದು. ಆದರೆ ಉಕ್ಕಿನ ಮುಳ್ಳು ಗೋಡೆಯನ್ನು ಸವೆಸುವುದು ತಾನು ಒರಗಿದ ಎತ್ತರದಲ್ಲಿ. ಅದಕ್ಕಿಂತ ಕೆಳಗೂ ಮೇಲೂ ಗೋಡೆಯ ಒಂದು ಸಣ್ಣ ಪಟ್ಟಿ ಹೊಸದರಂತೆಯೇ ಉಳಿದಿರುವ ಸಂಭವವಿದೆ. ಆ ಪಟ್ಟಿಯಲ್ಲಿಯೂ ಅದೇ ಹಾಡು ಬರೆದಿದೆ. ಮೊನೆಯ ಗಾತ್ರವನ್ನು ಒಂದಿಷ್ಟು ಕಿರಿದು ಮಾಡಿದರೆ ಅದು ಇನ್ನೂ ಕೆಳಗೆ ಇಳಿದು ಕೂರುತ್ತದೆ, ಹಿರಿದು ಮಾಡಿದರೆ ಮೇಲೆ ನಿಲ್ಲುತ್ತದೆ. 2.5 ಮಿಲ್ ಮುಳ್ಳೊಂದನ್ನು ತರಿಸಿ ಅದೇ ಪ್ಲೇಟನ್ನು ಮತ್ತೆ ಹಾಕಿದೆ. ಪಲ್ಲವಿ ಮುಗಿದು ಚರಣ ಹಿಡಿಯುವ ಮುನ್ನ ಬರುವ ಒಂದು ಪುಟ್ಟ ಸ್ವರಗುಚ್ಛ, ಹಾರ್ಮೋನಿಯಂನದು, ಬೆರಳು ಬೆರಳಾಗಿ ಕೇಳಿಸಿತು. ಅಲ್ಲಿಯವರೆಗೆ ಆ ಜಾಗದಲ್ಲಿ ಬರಿಯ ಗೊರಗೊರ ಇತ್ತು. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು, “ಇದು ಯಾವ ಪ್ಲೇಟು? ಹೊಸದಾ?” ಎಂದು ಕೇಳಿದಳು.

ಅರ್ಧ ಮಿಲ್ಲಿನ ವ್ಯತ್ಯಾಸ, ಹದಿಮೂರು ಮೈಕ್ರಾನ್.

ಎಲ್ಲ ಪ್ಲೇಟುಗಳಿಗೂ 2.5 ಸರಿಯೆಂದು ಇದರ ಅರ್ಥವಲ್ಲ. 1925ರ ಸುಮಾರಿಗೆ ವಿದ್ಯುತ್ ಮುದ್ರಣ ಬರುವುದಕ್ಕೆ ಮುಂಚಿನ, ಗಾಯಕರು ಕೊಳವೆಯೊಳಗೆ ಮುಖವಿಟ್ಟು ಹಾಡುತ್ತಿದ್ದ ಕಾಲದ ಪ್ಲೇಟುಗಳಲ್ಲಿ ಗೀರು ಅನೇಕ ವೇಳೆ ಹೆಚ್ಚು ಅಗಲ; ಅವಕ್ಕೆ 3.5 ಮಿಲ್ ಬೇಕಾಗಬಹುದು. ಕಡೆಗಾಲದ, ಅಂದರೆ 1940-50ರ ದಶಕಗಳ ಪ್ಲೇಟುಗಳಿಗೆ 2.5 ಹೆಚ್ಚಾಗಿ ಒಗ್ಗುತ್ತದೆ. ಕಂಪನಿಯಿಂದ ಕಂಪನಿಗೆ, ವರ್ಷದಿಂದ ವರ್ಷಕ್ಕೆ ವ್ಯತ್ಯಾಸವಿದೆ. ಕಡೆಯ ನಿರ್ಣಯ ಕಿವಿಯದೇ. ಮೊನೆಯ ತುದಿಯನ್ನು ತುಸು ಕತ್ತರಿಸಿ ಮೊಂಡು ಮಾಡಿದ ಮುಳ್ಳುಗಳೂ ಸಿಗುತ್ತವೆ. ಅವು ತಳದ ಕೆಸರನ್ನು ಮುಟ್ಟುವುದೇ ಇಲ್ಲ. ದುಂಡಲ್ಲದ, ಅಂಡಾಕೃತಿಯ ಮೊನೆ ಇನ್ನೂ ಸೂಕ್ಷ್ಮವಾದುದು. ಧ್ವನಿಭಂಡಾರಗಳವರು ಇಂಥ ಹಲವು ಅಳತೆಯ ಮುಳ್ಳುಗಳನ್ನು ಸಾಲಾಗಿ ಇಟ್ಟುಕೊಂಡು ಪ್ಲೇಟಿಗೆ ತಕ್ಕದ್ದನ್ನು ಆರಿಸುತ್ತಾರೆ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಮನೆಗೆ ಒಂದು 3 ಮಿಲ್, ಕೈಲಾದರೆ ಒಂದು 2.5 ಮಿಲ್, ಎರಡೂ ದುಂಡು ಮೊನೆಯ ವಜ್ರ; ಇಷ್ಟಿದ್ದರೆ ನಮ್ಮಂಥವರ ಪ್ಲೇಟುಗಳಲ್ಲಿ ಹೆಚ್ಚಿನವು ಬಾಯಿ ಬಿಡುತ್ತವೆ.

ಅಂಗಡಿಯಲ್ಲಿ ಏನೆಂದು ಕೇಳಬೇಕೆಂದು ಕೆಲವರು ಬಯಸಬಹುದು. ಜಪಾನಿನ ಆಡಿಯೋ-ಟೆಕ್ನಿಕಾ ಕಂಪನಿಯ ವಿಎಂ95ಎಸ್‌ಪಿ ಎಂಬ ಕಾರ್ಟ್ರಿಜ್‌ನಲ್ಲಿ 3 ಮಿಲ್ ದುಂಡು ಮೊನೆ ಇದೆ. ಡೆನ್ಮಾರ್ಕಿನ ಆರ್ಟೋಫಾನ್ ಕಂಪನಿಯ 2ಎಂ 78 ಎಂಬುದರಲ್ಲಿ 65 ಮೈಕ್ರಾನ್, ಅಂದರೆ ಸುಮಾರು 2.5 ಮಿಲ್. ಹಿಂದೆ ಬಹಳ ಮಂದಿ ನೆಚ್ಚಿಕೊಂಡಿದ್ದ ಅಮೆರಿಕದ ಶೂರ್ ಕಂಪನಿ 2018ರಲ್ಲಿ ಈ ವ್ಯವಹಾರವನ್ನೇ ನಿಲ್ಲಿಸಿತು. ಅದರ ಹೆಸರಿನಲ್ಲಿ ಈಗ ಸಿಗುವುದು ಹಳೆಯ ದಾಸ್ತಾನು ಇಲ್ಲವೇ ಬೇರೆಯವರು ಮಾಡಿದ ಮುಳ್ಳು. “ಎಲ್ಲ ವೇಗಕ್ಕೂ ಒಂದೇ ಮುಳ್ಳು ಸಾಕು ಸಾರ್” ಎನ್ನುವ ಅಂಗಡಿಯವನಿಗೆ ನಮಸ್ಕಾರ ಹೇಳಿ ಹೊರಡಿ. ಹೊಸ ಟರ್ನ್‌ಟೇಬಲ್ ಕೊಳ್ಳುವವರು 78 ವೇಗ ಇದೆಯೇ, ತೋಳಿನ ಭಾರವನ್ನು ಹೊಂದಿಸಲು ಬರುತ್ತದೆಯೇ, ಮುಳ್ಳನ್ನು ಬದಲಾಯಿಸಬಹುದೇ ಎಂಬ ಮೂರನ್ನು ವಿಚಾರಿಸಿದರೆ ಸಾಕು. ಉಳಿದ ಗುಂಡಿ, ದೀಪಗಳೆಲ್ಲ ಅಲಂಕಾರ. ಭಾರವನ್ನು ಕಾರ್ಟ್ರಿಜ್ ತಯಾರಕರು ಹೇಳಿದಷ್ಟೇ ಇಡಬೇಕು. ತೀರ ಹಗುರವಾದರೂ ಮುಳ್ಳು ಕುಣಿದು ಗೋಡೆಯನ್ನು ಕೆಡಿಸುತ್ತದೆ.

ಇನ್ನೊಂದು ಸಣ್ಣ ಉಪಾಯ. ಅರಗಿನ ಪ್ಲೇಟಿನಲ್ಲಿ ಹಾಡು ಇರುವುದು ಗೀರಿನ ಅಕ್ಕಪಕ್ಕದ ಓಲಾಟದಲ್ಲಿ ಮಾತ್ರ; ಮೇಲೆ ಕೆಳಗಿನ ಕುಲುಕಾಟದಲ್ಲಿ ಇರುವುದು ಬರಿಯ ಗದ್ದಲ. ಸ್ಟೀರಿಯೋ ಕಾರ್ಟ್ರಿಜ್ ಎರಡನ್ನೂ ಹೆಕ್ಕುತ್ತದೆ. ಎಡಬಲಗಳನ್ನು ಸೇರಿಸಿ ಮೋನೋ ಮಾಡಿದರೆ ಮೇಲೆ ಕೆಳಗಿನ ಗದ್ದಲ ಒಂದನ್ನೊಂದು ಕಳೆದುಕೊಂಡು ಹೋಗುತ್ತದೆ. ಕಾಸು ಖರ್ಚಿಲ್ಲದೆ ಆಗುವ ಕೆಲಸ ಇದು.

ತೊಳೆಯುವ ವಿಷಯ ಒಂದು ಮಾತು. ಬಡಗಿಗಳು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ ಪಾಲಿಶ್ ಮಾಡಿಕೊಳ್ಳುವುದನ್ನು ನೋಡಿದ್ದೀರಿ. ಆದ್ದರಿಂದ ಸ್ಪಿರಿಟ್, ಸ್ಯಾನಿಟೈಸರ್ ಇತ್ಯಾದಿಗಳನ್ನು ಪ್ಲೇಟಿಗೆ ಸೋಕಿಸಲೇಬೇಡಿ, ಹಾಡೇ ಕರಗಿಹೋಗುತ್ತದೆ. ಭಟ್ಟಿ ಇಳಿಸಿದ ನೀರಿಗೆ ಒಂದೆರಡು ತೊಟ್ಟು ಮೃದುವಾದ ಸೋಪಿನ ದ್ರವ, ಮೆತ್ತನೆಯ ಕುಂಚ, ಲೇಬಲ್ಲಿಗೆ ನೀರು ತಗಲದಂತೆ ಎಚ್ಚರ, ಕೂಡಲೇ ಒರೆಸಿ ನೆರಳಿನಲ್ಲಿ ಆರಿಸುವುದು, ಇಷ್ಟು ಸಾಕು. ಕೊಳೆ ಪ್ಲೇಟಿಗೆ ಮುಳ್ಳು ಇಳಿಸಬಾರದು.

ಹಳೆಯ ಪ್ಲೇಟಿಗೆ ಹಳೆಯ ಪೆಟ್ಟಿಗೆಯೇ ಶೋಭೆ ಎಂಬ ವಾದಕ್ಕೆ ಹಿಂದಿರುಗುತ್ತೇನೆ. ಈ ವಾದವನ್ನು ನನ್ನ ಅಕ್ಕನ ಮಗನೊಬ್ಬನೇ ಅಲ್ಲ, ಸಂಗೀತ ಬಲ್ಲ ಹಿರಿಯರೂ ಹೇಳುತ್ತಾರೆ. ಆ ಕಾಲದ ಗಾಯನವನ್ನು ಆ ಕಾಲದ ಕಿವಿಯಿಂದಲೇ ಕೇಳಬೇಕು ಎಂಬುದು ಅವರ ಇಂಗಿತ. ಒಪ್ಪಬಹುದಾದ ಮಾತೇ, ಆ ಪ್ಲೇಟು ಇನ್ನೂ ಹತ್ತು ಕಡೆ ಇದ್ದರೆ. ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ (ಅವರ ಮೊದಮೊದಲ ಪ್ಲೇಟುಗಳ ಮೇಲೆ ಗಾಂಧಾರಿ ಹಾನಗಲ್ ಎಂದು ಅಚ್ಚಾಗಿದೆ), ಪಿ. ಕಾಳಿಂಗರಾಯರ ಹಳೆಯ ಧ್ವನಿಯನ್ನು ಸಂಗ್ರಾಹಕರು ಕಾಪಿಟ್ಟಿದ್ದಾರೆ. ಅವರ ಹಾಡುಗಳನ್ನು ಈಗ ಬೇರೆ ರೂಪಗಳಲ್ಲಿಯೂ ಕೇಳಬಹುದು. ದೊಡ್ಡವರನ್ನು ಲೋಕ ನೋಡಿಕೊಳ್ಳುತ್ತದೆ. ನನಗಿರುವ ಚಿಂತೆ ಸಣ್ಣವರದು: ಹಳ್ಳಿ ಹಳ್ಳಿ ತಿರುಗಿದ ನಾಟಕ ಕಂಪನಿಯ ನಟರು, ಹರಿಕಥೆಯ ದಾಸರು, ಹಾಸ್ಯದ ಸಂಭಾಷಣೆಯವರು, ಹೆಸರಿಲ್ಲದ ಹಾರ್ಮೋನಿಯಂನವರು. ಇವರ ಪ್ಲೇಟುಗಳು ಕೆಲವೇ ಅಚ್ಚಾದವು, ಬಹಳಷ್ಟು ಒಡೆದುಹೋದವು. ನಿಮ್ಮ ಅಟ್ಟದ ಮೇಲಿರುವುದೇ ಕೊನೆಯದಾಗಿರಬಹುದು. ಕೊನೆಯ ಪ್ಲೇಟಿನ ಮೇಲೆ ನೂರು ಗ್ರಾಮಿನ ಉಕ್ಕನ್ನು ಹೇರುವುದಕ್ಕೆ ಶೋಭೆ ಎಂಬ ಹೆಸರು ಒಪ್ಪುವುದಿಲ್ಲ.

ಜೋಡಿಯ ಎರಡನೆಯ ಪ್ಲೇಟು ಅಕ್ಕನ ಮನೆಯ ಪೆಟ್ಟಿಗೆಯಲ್ಲಿದೆ. ಮೊದಲನೆಯದರಲ್ಲಿ ಅರ್ಧಕ್ಕೆ ನಿಂತ ದೃಶ್ಯ ಅದರಲ್ಲಿ ಮುಂದುವರಿಯುತ್ತದೆ. ಚಿಕ್ಕಪ್ಪನ ಕೈ ಅದರಲ್ಲಿಯೂ ಇರಲೇಬೇಕು. ಅದನ್ನು ನಾನು ಬೆಳೆದ ಮೇಲೆ ಕೇಳಿಲ್ಲ. ಗೃಹಪ್ರವೇಶದ ದಿನ ಹಿತ್ತಾಳೆ ಕೊಂಬಿನ ಕೆಳಗೆ ಸುತ್ತಲಿರುವ ಪ್ಲೇಟುಗಳಲ್ಲಿ ಅದೂ ಒಂದು ಎಂಬುದನ್ನು ಕೇಳಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವನಿಗೆ ನಾನು ಹೇಳಿದ್ದು ಇಷ್ಟೇ: ಆ ದಿನಕ್ಕೆ ಸಂತೆಯಲ್ಲಿ ಸಿಗುವ ಸಿನಿಮಾ ಹಾಡಿನ ಪ್ಲೇಟುಗಳನ್ನು ತಂದು ಹಾಕು, ಮುಳ್ಳಿನ ಡಬ್ಬಿಯನ್ನು ನಾನೇ ಉಡುಗೊರೆಯಾಗಿ ಕಳುಹಿಸುತ್ತೇನೆ. ಅಜ್ಜನ ಪೆಟ್ಟಿಗೆಯನ್ನು ಮಾತ್ರ ತೆರೆಯಬೇಡ. “ಆಗಲಿ ಮಾವ, ಅಮ್ಮನನ್ನು ಕೇಳಿ ಹೇಳುತ್ತೇನೆ” ಎಂದಿದ್ದಾನೆ. ಅಕ್ಕ ಇದನ್ನು ಓದುತ್ತಾಳೆಂದು ಬಲ್ಲೆ.

ಸರಿಯಾದ ಮುಳ್ಳಿನಿಂದಲಾದರೂ ಅಪರೂಪದ ಪ್ಲೇಟನ್ನು ಮೇಲಿಂದ ಮೇಲೆ ಹಾಕಬೇಕಾಗಿಲ್ಲ. ಒಂದೆರಡು ಬಾರಿ ಹಾಕಿ, ಕಂಪ್ಯೂಟರಿಗೆ ಮುದ್ರಿಸಿಕೊಂಡು, ಆಮೇಲೆ ಆ ಮುದ್ರಣವನ್ನು ಎಷ್ಟು ಬೇಕಾದರೂ ಕೇಳಿ. ಮುದ್ರಿಸುವಾಗ ಕೊರಕೊರವನ್ನು ತೆಗೆಯುವ ಆತುರ ಬೇಡ. ಇದ್ದದ್ದನ್ನು ಇದ್ದಂತೆ, ಸಂಕುಚಿತಗೊಳಿಸದ ವೇವ್ ಕಡತವಾಗಿ ಒಂದು ಪ್ರತಿ ಉಳಿಸಿ, ಶುಚಿ ಮಾಡುವ ಪ್ರಯೋಗಗಳನ್ನೆಲ್ಲ ಇನ್ನೊಂದು ಪ್ರತಿಯ ಮೇಲೆ ಮಾಡಿ. ಟರ್ನ್‌ಟೇಬಲಿನಲ್ಲಿ 78 ವೇಗ ಇಲ್ಲದವರು ಸರಿಯಾದ ಮುಳ್ಳನ್ನು ಹಾಕಿ 45ರಲ್ಲಿ ನಡೆಸಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ವೇಗವನ್ನು ಹೆಚ್ಚಿಸಿಕೊಳ್ಳಬಹುದು. ಧ್ವನಿಯ ಏರಿಳಿತದ ಸಮತೋಲ ಸ್ವಲ್ಪ ಕೆಡುವುದಾದರೂ ಏನೂ ಇಲ್ಲದಿರುವುದಕ್ಕಿಂತ ಲೇಸು.

ನಮ್ಮೂರಿನ ಕಡೆ ಬರುವವರು ತಮ್ಮ ಪ್ಲೇಟುಗಳನ್ನು ತಂದರೆ ನನ್ನಲ್ಲಿರುವ ಎರಡೂ ಮುಳ್ಳುಗಳಲ್ಲಿ ಹಾಕಿ ನೋಡಿ, ಯಾವುದಕ್ಕೆ ಯಾವುದು ಒಗ್ಗುತ್ತದೆಂದು ಗುರುತು ಹಾಕಿಕೊಡಬಲ್ಲೆ. ಮಧ್ಯಾಹ್ನ ಮೂರರ ಮೇಲೆ ಬನ್ನಿ. ತರುವಾಗ ಪ್ಲೇಟುಗಳನ್ನು ಒಂದರ ಮೇಲೊಂದು ಮಲಗಿಸಬೇಡಿ. ನಡುವೆ ರಟ್ಟು ಇಟ್ಟು, ನೆಟ್ಟಗೆ ನಿಲ್ಲಿಸಿ, ಅಲುಗದಂತೆ ಹಳೆಯ ಸೀರೆಯನ್ನು ಸುತ್ತಿ ತನ್ನಿ. ಬಸ್ಸಿನಲ್ಲಿ ಬರುವವರು ಪೆಟ್ಟಿಗೆಯನ್ನು ಮೇಲಿನ ಕಂಬಿಯ ಮೇಲೆ ಇಡದೆ ತೊಡೆಯ ಮೇಲೆಯೇ ಇಟ್ಟುಕೊಳ್ಳಿ.